ಫ್ರಾಂಕ್‌ಫರ್ಟ್ ಅಡುಗೆಕೋಣೆ ನಮ್ಮ ಮಳೆಗಾಲಕ್ಕೆ ಒಗ್ಗೀತೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಅವರ ಪರಿಚಯ ಬಂದಿತ್ತು. ಜರ್ಮನಿಯ ಫ್ರಾಂಕ್‌ಫರ್ಟ್ ನಗರಸಭೆ ಕಟ್ಟಿಸಿದ ಬಾಡಿಗೆ ಮನೆಗಳಿಗಾಗಿ ಅವರು 1926ರಲ್ಲಿ ಒಂದು ಅಡುಗೆಕೋಣೆ ರೂಪಿಸಿದರು. ಸುಮಾರು 10,000 ಮನೆಗಳಿಗೆ ಅದನ್ನು ಅಳವಡಿಸಲಾಯಿತು. ಇಂದು ಮಾಡ್ಯುಲರ್ ಕಿಚನ್ ಎಂದು ಮಾರುವುದೆಲ್ಲ ಅದರ ಸಂತತಿಯೇ. ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ‘ನಮ್ಮ ಮನೆಯಲ್ಲಿ ಹೀಗೆ ಮಾಡಬಹುದೇ’ ಎಂದು ಕೇಳಿವೆ. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹೊಸ ಫ್ಲ್ಯಾಟ್ ತೆಗೆದುಕೊಂಡಿದ್ದೇವೆ. ಅಡುಗೆಕೋಣೆ 7 ಅಡಿ ಅಗಲ, 10 ಅಡಿ ಉದ್ದ ಇದೆ. ಇಂಟೀರಿಯರ್ ಮಾಡುವವರು ಎರಡೂ ಬದಿಗೆ 2 ಅಡಿಯ ಕಟ್ಟೆ ಹಾಕುವ, ಇದೇ ಫ್ರಾಂಕ್‌ಫರ್ಟ್ ಮಾದರಿ ಅನ್ನುತ್ತಿದ್ದಾರೆ. ಒಪ್ಪಬಹುದೇ? (ಬಿಜೈ, ಮಂಗಳೂರು)

ಉತ್ತರ: ಅಳತೆ ನೋಡದೆ ಒಪ್ಪಬೇಡಿ. ಲಿಹೋಟ್ಸ್ಕಿ ಅವರ ಕೋಣೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ನಮ್ಮ ಲೆಕ್ಕದಲ್ಲಿ 6 ಅಡಿ 3 ಇಂಚು, 11 ಅಡಿ 2 ಇಂಚು. ಒಟ್ಟು 70 ಚದರ ಅಡಿ. ನಿಮ್ಮದೂ 70 ಚದರ ಅಡಿಯೇ. ಆದರೆ ಅವರದು ಒಬ್ಬರೇ ನಿಂತು, ಹೆಚ್ಚು ಹೆಜ್ಜೆ ಹಾಕದೆ ಎರಡೂ ಬದಿಗೆ ಕೈಚಾಚಿ ಮಾಡುವ ಅಡುಗೆಗೆ ಹೊಂದಿಸಿದ ಕೋಣೆ. ಅಲ್ಲಿ ದಿನಾ ಕಾಯಿ ತುರಿಯುವುದಿಲ್ಲ, ಮಸಾಲೆ ಅರೆಯುವುದಿಲ್ಲ, ದೋಸೆಗೆ ಕಡೆಯುವುದಿಲ್ಲ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಒಳಗಿರುವುದನ್ನು ಆ ನಕ್ಷೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

7 ಅಡಿ ಎಂದರೆ 213 ಸೆಂ.ಮೀ. ಪ್ಲಾಸ್ಟರ್, ಟೈಲ್ಸ್ ಕಳೆದರೆ 208ರ ಹತ್ತಿರ ಉಳಿಯುತ್ತದೆ. ಎರಡು ಬದಿಗೂ 60 ಕೊಟ್ಟರೆ ನಡುವಿನ ದಾರಿ 88 ಸೆಂ.ಮೀ. ಒಬ್ಬರಿಗೆ ಇಷ್ಟು ಸಾಕು. ಆದರೆ 50 ಸೆಂ.ಮೀ. ಉದ್ದದ ಡ್ರಾವರ್ ಎಳೆದಿಟ್ಟರೆ ಉಳಿಯುವುದು 38. ಬಿಸಿ ಗಂಜಿಯ ಪಾತ್ರೆ ಹಿಡಿದು ಅಲ್ಲಿ ದಾಟಲಾಗದು. ಒಂದು ಬದಿ 60, ಇನ್ನೊಂದು ಬದಿ 40 ಮಾಡಿಸಿ. ದಾರಿಗೆ 108 ಸಿಗುತ್ತದೆ, ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಬಹುದು. ಒಲೆ, ಸಿಂಕ್ 60ರ ಬದಿಗೆ ಬರಲಿ. 40ರ ಬದಿಗೆ ಮಿಕ್ಸಿ, ಡಬ್ಬಿ, ಬಟ್ಟಲು, ಬಡಿಸುವ ಪಾತ್ರೆಗಳು ಧಾರಾಳ ಹಿಡಿಯುತ್ತವೆ.

ಲಿಹೋಟ್ಸ್ಕಿ ಅವರಿಂದ ತೆಗೆದುಕೊಳ್ಳಬೇಕಾದದ್ದು ಅಳತೆಯನ್ನಲ್ಲ, ಅಳೆಯುವ ಕ್ರಮವನ್ನು. ಮನೆಗೆಲಸವನ್ನು ಸುಲಭಗೊಳಿಸುವ ಬಗೆಯನ್ನು ಕುರಿತು ಬರೆದ ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಅವರ ಬರಹಗಳನ್ನು ಅವರು ಓದಿದ್ದರು. ಇಕ್ಕಟ್ಟಿನಲ್ಲಿ ಬಹಳ ಜನರಿಗೆ ಅಡುಗೆಯಾಗುವ ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನು ಗಮನಿಸಿದ್ದರು. ಗಡಿಯಾರ ಇಟ್ಟುಕೊಂಡು ಒಂದೊಂದು ಕೆಲಸಕ್ಕೆ ಹಿಡಿಯುವ ಹೊತ್ತನ್ನು, ನಕ್ಷೆಯ ಮೇಲೆ ಗೆರೆ ಎಳೆದು ನಡೆಯುವ ದಾರಿಯನ್ನು ಲೆಕ್ಕ ಹಾಕಿ ಆಮೇಲೆ ಕಪಾಟಿನ ಜಾಗ ಗೊತ್ತುಮಾಡಿದರು. ಇದನ್ನು ನೀವೂ ಮಾಡಬಹುದು. ಈಗಿರುವ ಅಡುಗೆಕೋಣೆಯ ನಕ್ಷೆಯನ್ನು ಒಂದು ಅಡಿಗೆ 2 ಸೆಂ.ಮೀ.ಯಂತೆ ಕಾಗದದಲ್ಲಿ ಬರೆಯಿರಿ. ಒಲೆ, ಸಿಂಕ್, ಫ್ರಿಜ್, ಹೆಚ್ಚುವ ಜಾಗ, ಮಿಕ್ಸಿ, ದಿನಸಿ ಕಪಾಟು ಇವಿಷ್ಟನ್ನು ಗುರುತಿಸಿ. ಬೆಳಗ್ಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಮನೆಯ ಇನ್ನೊಬ್ಬರು ಬಾಗಿಲ ಬಳಿ ಕೂತು, ಅಡುಗೆ ಮಾಡುವವರು ಅತ್ತಿಂದಿತ್ತ ಹೋದಾಗಲೆಲ್ಲ ಒಂದು ಗೆರೆ ಎಳೆಯಲಿ. ಗೆರೆಗಳು ದಟ್ಟವಾದ ಎರಡು ಜಾಗಗಳನ್ನು ಹೊಸ ಮನೆಯಲ್ಲಿ ಪಕ್ಕಪಕ್ಕಕ್ಕೆ ತನ್ನಿ.

ಕ್ಯಾಟಲಾಗಿನವರು ಫ್ರಿಜ್, ಸಿಂಕ್, ಒಲೆ ಎಂಬ ಮೂರು ಮೂಲೆಗಳನ್ನಷ್ಟೇ ನೋಡುತ್ತಾರೆ. ತೆಂಗಿನಕಾಯಿ ಅರೆದು ಪದಾರ್ಥ ಮಾಡುವ ನಮ್ಮ ಕಡೆ ಸಿಂಕಿನಿಂದ ಹೆಚ್ಚುವ ಜಾಗಕ್ಕೆ, ಮಿಕ್ಸಿಯಿಂದ ಒಲೆಗೆ ಹೋಗುವ ಗೆರೆಗಳೂ ಅಷ್ಟೇ ದಟ್ಟವಾಗಿರುತ್ತವೆ. ಮಿಕ್ಸಿ ದೂರ ಇದ್ದರೆ ಅರೆದದ್ದನ್ನು ಹಾಕಲು ಒಂದು ಸಲ, ಜಾರು ತೊಳೆದ ನೀರು ಹೊಯ್ಯಲು ಇನ್ನೊಂದು ಸಲ ನಡೆಯಬೇಕು. ಹಾಗಾಗಿ ಮಿಕ್ಸಿ ಒಲೆಯ ಎದುರು ಬದಿಯಲ್ಲಿ, ಹಿಂದಿರುಗಿದರೆ ಕೈಗೆ ಸಿಗುವಲ್ಲಿ ಇರಲಿ. ಅದರ ಪ್ಲಗ್ ಕಟ್ಟೆಯಿಂದ 20–25 ಸೆಂ.ಮೀ. ಮೇಲೆ, ಸಿಂಕಿನ ನೀರು ಸಿಡಿಯದ ಕಡೆ ಬರಲಿ. ಗ್ರೈಂಡರಿಗೆ ಬೇರೆಯೇ ಪ್ಲಗ್ ಕೊಡಿ. ಟೈಲ್ಸ್ ಹಾಕುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಈ ಗುರುತು ಕೊಡದಿದ್ದರೆ ಆಮೇಲೆ ಉದ್ದದ ಎಕ್ಸ್‌ಟೆನ್ಷನ್ ವಯರು ಸಿಂಕಿನ ಮೇಲೆ ಹಾದುಹೋಗುತ್ತದೆ.

ಪ್ರಶ್ನೆ: ಲಿಹೋಟ್ಸ್ಕಿ ಅವರು ವಾಸ್ತುಶಿಲ್ಪಿ ಆಡಾಲ್ಫ್ ಲೋಸ್ ಅವರ ಶಿಷ್ಯೆಯೇ? ಅಡುಗೆಕೋಣೆ ಬಿಟ್ಟರೆ ಬೇರೇನು ಮಾಡಿದರು? (ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ತರಗತಿಯಲ್ಲಿ ಕೂತು ಕಲಿತ ಶಿಷ್ಯೆಯಲ್ಲ, ಜತೆಗೆ ದುಡಿದವರು. ಹುಟ್ಟಿದ್ದು ವಿಯೆನ್ನಾದಲ್ಲಿ, 1897ರ ಜನವರಿ 23ರಂದು. 1915ರಿಂದ 1919ರವರೆಗೆ ಅಲ್ಲಿನ ಕರಕುಶಲ ಕಲಾಶಾಲೆಯಲ್ಲಿ ಓದಿದರು. ಅವರನ್ನು ತಿದ್ದಿದ ಗುರು ಓಸ್ಕರ್ ಸ್ಟ್ರ್ನಾಡ್. ಕಾರ್ಮಿಕರ ವಸತಿಯ ಸ್ಪರ್ಧೆಗೆ ನಕ್ಷೆ ಬರೆಯಹೊರಟ ವಿದ್ಯಾರ್ಥಿನಿಗೆ, ಮೊದಲು ಕಾರ್ಮಿಕರ ಕೇರಿಗೆ ಹೋಗಿ ಅವರು ಹೇಗೆ ಬದುಕುತ್ತಾರೆ ನೋಡಿ ಬಾ ಎಂದು ಕಳಿಸಿದವರು ಅವರೇ. ಆ ವಿನ್ಯಾಸಕ್ಕೆ 1917ರಲ್ಲಿ ಬಹುಮಾನ ಬಂತು. ಮುಂದೆ ಮಾಡಿದ ಎಲ್ಲ ಕೆಲಸದಲ್ಲೂ ಈ ‘ಮೊದಲು ನೋಡು’ ಎಂಬ ಪಾಠ ಕಾಣುತ್ತದೆ.

ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಅನ್ನವೂ ಇರಲಿಲ್ಲ, ಮನೆಯೂ ಇರಲಿಲ್ಲ. ಜನ ಊರಂಚಿನ ಜಾಗ ಹಿಡಿದು ತಾವೇ ಮನೆ ಕಟ್ಟಿ, ತರಕಾರಿ ಬೆಳೆಯತೊಡಗಿದರು. ಈ ವಸಾಹತುಗಳ ಕೆಲಸದಲ್ಲಿ 1921ರಿಂದ ಲೋಸ್ ಮತ್ತು ಲಿಹೋಟ್ಸ್ಕಿ ಜತೆಯಾದರು. ಲೋಸ್ ಅದೇ ವರ್ಷ ‘ಒಂದೇ ಗೋಡೆಯ ಮನೆ’ಗೆ ಪೇಟೆಂಟ್ ತೆಗೆದರು. ಸಾಲುಮನೆಗಳಲ್ಲಿ ಎರಡು ಮನೆಗಳ ನಡುವಿನ ಗೋಡೆಯೊಂದೇ ಭಾರ ಹೊರುತ್ತದೆ. ತೊಲೆಗಳು ಆ ಗೋಡೆಯಿಂದ ಪಕ್ಕದ ಗೋಡೆಗೆ ಹಾಯುತ್ತವೆ. ಮುಂದಿನ, ಹಿಂದಿನ ಗೋಡೆಗಳು ತೊಲೆಗೆ ತೂಗುಹಾಕಿದ ಹಗುರ ಗೋಡೆಗಳಾದ್ದರಿಂದ ಅವುಗಳ ಅಡಿಗೆ ದೊಡ್ಡ ಪಂಚಾಂಗ ಬೇಡ. ಕೈಯಲ್ಲಿ ಕಾಸಿಲ್ಲದವರಿಗೆ ಇದಕ್ಕಿಂತ ದೊಡ್ಡ ಉಳಿತಾಯ ಬೇರೆ ಯಾವುದಿತ್ತು? ಲೋಸ್ ಎಂದೊಡನೆ ಅಲಂಕಾರ ವಿರೋಧವನ್ನಷ್ಟೇ ಪರೀಕ್ಷೆಗೆ ಬರೆಯುವ ವಿದ್ಯಾರ್ಥಿಗಳು ಈ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಬೇಕು.

1926ರಲ್ಲಿ ಫ್ರಾಂಕ್‌ಫರ್ಟಿನ ವಸತಿ ಯೋಜನೆಯ ಮುಖ್ಯಸ್ಥರಾಗಿದ್ದ ವಾಸ್ತುಶಿಲ್ಪಿ ಅರ್ನ್ಸ್ಟ್ ಮೇ ಅವರು ಲಿಹೋಟ್ಸ್ಕಿಯವರನ್ನು ಫ್ರಾಂಕ್‌ಫರ್ಟಿಗೆ ಕರೆಸಿಕೊಂಡರು. 1927ರಲ್ಲಿ ಸಹೋದ್ಯೋಗಿ ವಿಲ್ಹೆಲ್ಮ್ ಶ್ಯೂಟೆಯವರೊಡನೆ ಮದುವೆ. 1930ರಲ್ಲಿ ಮೇ ಅವರ ತಂಡದ ಜತೆ ಸೋವಿಯತ್ ಒಕ್ಕೂಟಕ್ಕೆ ಹೋದರು. ತಂಡ ಮಾಗ್ನಿತೊಗೋರ್ಸ್ಕ್‌ನಂಥ ಹೊಸ ಕೈಗಾರಿಕಾ ನಗರಗಳ ಯೋಜನೆಯಲ್ಲಿದ್ದಾಗ ಇವರು ಶಿಶುವಿಹಾರಗಳ ವಿನ್ಯಾಸ ನೋಡಿಕೊಂಡರು. 1937ರಲ್ಲಿ ಅಲ್ಲಿಂದ ಹೊರಟು 1938ರಲ್ಲಿ ಇಸ್ತಾಂಬುಲ್ ಸೇರಿದರು. ಅಲ್ಲಿ ಸುಮ್ಮನೆ ಇದ್ದಿದ್ದರೆ ಜೀವಕ್ಕೆ ಅಪಾಯವಿರಲಿಲ್ಲ. ಆದರೂ ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕಾಗಿ 1940ರ ಡಿಸೆಂಬರಿನಲ್ಲಿ ವಿಯೆನ್ನಾಕ್ಕೆ ಮರಳಿದರು. 1941ರ ಜನವರಿ 22ರಂದು ಸಿಕ್ಕಿಬಿದ್ದರು. 15 ವರ್ಷದ ಶಿಕ್ಷೆಯಾಯಿತು. ಬವೇರಿಯಾದ ಐಕಾಖ್ ಜೈಲಿನಿಂದ ಅಮೆರಿಕದ ಸೇನೆ ಅವರನ್ನು ಬಿಡಿಸಿದ್ದು 1945ರ ಏಪ್ರಿಲ್ 29ರಂದು.

ಯುದ್ಧದ ನಂತರ ಅವರು ಕಮ್ಯುನಿಸ್ಟ್ ಪಕ್ಷದವರೆಂಬ ಕಾರಣಕ್ಕೆ ವಿಯೆನ್ನಾದಲ್ಲಿ ಸರಕಾರಿ ಕೆಲಸಗಳು ಬೆರಳೆಣಿಕೆಯಷ್ಟೇ ಸಿಕ್ಕಿದವು. ಇಷ್ಟು ತಿಳಿದವರನ್ನು ಖಾಲಿ ಕೂರಿಸಿದ್ದು ಆ ನಗರಕ್ಕೇ ಆದ ನಷ್ಟ. 1980ರಲ್ಲಿ ವಿಯೆನ್ನಾ ನಗರದ ವಾಸ್ತುಶಿಲ್ಪ ಪ್ರಶಸ್ತಿ ಬಂತು. 1988ರಲ್ಲಿ ದೇಶದ ಗೌರವ ಪದಕವನ್ನು, ಕೊಡುವವರು ನಾಜಿ ಕಾಲದ ಸೇನಾಸೇವೆಯ ವಿವಾದದಲ್ಲಿದ್ದ ಅಧ್ಯಕ್ಷ ಕುರ್ಟ್ ವಾಲ್ಡ್‌ಹೈಮ್ ಎಂಬ ಕಾರಣಕ್ಕೆ, ನಿರಾಕರಿಸಿದರು, 1992ರಲ್ಲಿ ಸ್ವೀಕರಿಸಿದರು. 2000ದ ಜನವರಿ 18ರಂದು, 103 ತುಂಬಲು ಐದು ದಿನ ಇರುವಾಗ ತೀರಿಕೊಂಡರು.

ಹೋಗುವ ಅವಕಾಶ ಸಿಕ್ಕಿದರೆ ಫ್ರಾಂಕ್‌ಫರ್ಟಿನ ರ್‍ಯೋಮರ್‌ಷ್ಟಾಟ್ ವಸಾಹತಿನಲ್ಲಿರುವ ಅರ್ನ್ಸ್ಟ್ ಮೇ ಮನೆಯಲ್ಲಿ ಈ ಅಡುಗೆಕೋಣೆ ನೋಡಬಹುದು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಒಂದಿದೆ.

ಪ್ರಶ್ನೆ: ಲೇಖನದ ಚಿತ್ರದಲ್ಲಿದ್ದ ಅಲ್ಯುಮಿನಿಯಂ ಡ್ರಾವರುಗಳು ಬಹಳ ಇಷ್ಟವಾದವು. ಕುಚ್ಚಲಕ್ಕಿ, ಉದ್ದು, ಹುರುಳಿಗೆ ಅಂಥದನ್ನೇ ಮಾಡಿಸಬಹುದೇ? ನೀಲಿ ಬಣ್ಣ ಬಳಿದರೆ ನೊಣ ಬರುವುದಿಲ್ಲವೆಂಬುದು ನಿಜವೇ? (ಕಟಪಾಡಿ)

ಉತ್ತರ: ಆ ಡ್ರಾವರುಗಳು ನಿಜಕ್ಕೂ ಚೆಂದ. ತಗಡಿನ ಪುಟ್ಟ ತೊಟ್ಟಿ, ಮುಂದೆ ಹಿಡಿ, ಹಿಂದಿನ ತುದಿ ಸುರಿಯಲು ಬರುವ ಹಾಗೆ ಓರೆಯಾಗಿದೆ. ಪೂರ್ತಿ ಹೊರಗೆಳೆದು, ಹಿಡಿ ಹಿಡಿದು, ನೇರ ಪಾತ್ರೆಗೇ ಬಗ್ಗಿಸಬಹುದು. ಸೌಟು, ಪಾವು ಬೇಡ. ಮುಂದೆ ಅಕ್ಕಿ, ಸಕ್ಕರೆ ಎಂದು ಹೆಸರು ಬರೆದಿರುತ್ತದೆ. ಹಿಟ್ಟಿಗೆ ಮಾತ್ರ ಓಕ್ ಮರದ ಡ್ರಾವರ್, ಏಕೆಂದರೆ ಓಕ್‌ನಲ್ಲಿರುವ ಒಗರಿಗೆ ಹಿಟ್ಟಿನ ಹುಳು ಹತ್ತಿರ ಬರುವುದಿಲ್ಲ ಎಂಬ ತಿಳಿವಳಿಕೆ. ಆದರೆ ಬಾಡಿಗೆಗೆ ಬಂದವರೇ ಕೆಲವರು ಗೊಣಗಿದರು: ಹೆಸರು ಮೊದಲೇ ಬರೆದದ್ದರಿಂದ ತಮ್ಮ ಮನೆಯ ದಿನಸಿ ಅದಕ್ಕೆ ಹೊಂದುತ್ತಿರಲಿಲ್ಲ, ಕೆಳಗಿನವು ಮಕ್ಕಳ ಕೈಗೂ ಎಟಕುತ್ತಿದ್ದವು.

ನಮ್ಮ ಕಡೆಗೆ ಅದು ಆಗದು, ಏಕೆಂದರೆ ಅದಕ್ಕೆ ಮುಚ್ಚಳವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿರುವ ಪಸೆಯನ್ನು ಧಾನ್ಯ ಎಳೆದುಕೊಳ್ಳುತ್ತದೆ. ಮೊದಲು ಮುಗ್ಗುಲು ವಾಸನೆ, ಆಮೇಲೆ ಹುಳು, ಕೊನೆಗೆ ಬೂಷ್ಟು. ಉಪ್ಪು, ಹುಣಸೆ, ಪುನರ್ಪುಳಿಯನ್ನಂತೂ ಅಲ್ಯುಮಿನಿಯಮ್ಮಿನಲ್ಲಿ ಇಡಲೇಬಾರದು. ತಗಡಿನಲ್ಲಿ ಚುಕ್ಕಿ ಚುಕ್ಕಿ ತೂತು ಬೀಳುತ್ತದೆ. ಅವಕ್ಕೆ ಭರಣಿಯೇ ಸರಿ.

ಡ್ರಾವರಿನ ಅನುಕೂಲ ಬೇಕೆಂದರೆ ಕಪಾಟಿನೊಳಗೆ ಎಳೆಯುವ ಹಲಗೆ ಹಾಕಿಸಿ, ಅದರ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಇಡಿ. 10 ಕಿಲೊ ಅಕ್ಕಿಗೆ ಸುಮಾರು 13 ಲೀಟರ್ ಜಾಗ ಬೇಕು, 15 ಲೀಟರಿನ ಡಬ್ಬ ತೆಗೆದುಕೊಳ್ಳಿ. 25 ಕಿಲೊ ಚೀಲಕ್ಕೆ 32 ಲೀಟರ್ ಬೇಕಾಗುತ್ತದೆ. ಅಷ್ಟು ಭಾರಕ್ಕೆ 45 ಕಿಲೊ ತಾಳುವ ಚಾನೆಲ್ಲೇ ಬೇಕು. ಮಾಮೂಲಿ ಚಾನೆಲ್ ಹಾಕಿದರೆ ಕೆಲವು ತಿಂಗಳಲ್ಲಿ ಹಲಗೆ ಮೂಗು ಕೆಳಗೆ ಮಾಡಿ ಸಿಕ್ಕಿಹಾಕಿಕೊಳ್ಳುತ್ತದೆ.

ಮೇ ತಿಂಗಳಲ್ಲಿ ಉದ್ದು, ಹುರುಳಿ, ಮೆಣಸನ್ನು ಬಿಸಿಲಿಗೆ ಹಾಕಿದವರು ಬಿಸಿಬಿಸಿಯಾಗಿಯೇ ಡಬ್ಬಕ್ಕೆ ತುಂಬಬೇಡಿ. ಬಿಸಿ ಧಾನ್ಯದಿಂದೆದ್ದ ಆವಿ ರಾತ್ರಿ ತಣಿದು ಮುಚ್ಚಳದ ಒಳಗೆ ನೀರಾಗಿ ಮತ್ತೆ ಧಾನ್ಯದ ಮೇಲೇ ಬೀಳುತ್ತದೆ. ಮೇಲಿನ ಪದರಕ್ಕೆ ಬೂಷ್ಟು ಹಿಡಿಯುವುದು ಇದೇ ಕಾರಣಕ್ಕೆ. ನೆರಳಿನಲ್ಲಿ ಪೂರ್ತಿ ಆರಿಸಿ, ಕತ್ತಲಾಗುವ ಮೊದಲು ತುಂಬಿ.

ನೀಲಿ ಬಣ್ಣದ ಮಾತು: ನೀಲಿಯ ಮೇಲೆ ನೊಣ ಕೂರುವುದಿಲ್ಲ ಎಂಬುದು ಅಂದಿನ ಸಂಶೋಧಕರ ಅಭಿಪ್ರಾಯ, ಅದನ್ನು ನಂಬಿ ಫ್ರಾಂಕ್‌ಫರ್ಟಿನಲ್ಲಿ ನೀಲಿ-ಹಸಿರು ಬಳಿದರು. ಬಣ್ಣ ಇಷ್ಟವಾದರೆ ಬಳಿಸಿಕೊಳ್ಳಿ. ನೊಣಕ್ಕೆ ಕಿಟಕಿಗೆ ಜಾಳಿಗೆ ಹೊಡೆಸುವುದೇ ದಾರಿ.

ಪ್ರಶ್ನೆ: ಸಿಂಕಿನ ಕೆಳಗಿನ ಕಪಾಟು ಒಂದೇ ಮಳೆಗಾಲಕ್ಕೆ ಉಬ್ಬಿ ಬಾಗಿಲು ಮುಚ್ಚದಾಗಿದೆ. ವಾಟರ್‌ಪ್ರೂಫ್ ಪ್ಲೈ ಎಂದೇ ಹಣ ಕೊಟ್ಟಿದ್ದು. ಏನು ತಪ್ಪಾಗಿದೆ? (ಕುಂಜಿಬೆಟ್ಟು, ಉಡುಪಿ)

ಉತ್ತರ: ಬಾಯಿಮಾತಿನ ವಾಟರ್‌ಪ್ರೂಫ್‌ಗೆ ಬೆಲೆ ಇಲ್ಲ. ಹಲಗೆಯ ಮೇಲೆ ಐಎಸ್‌ಐ ಮುದ್ರೆಯ ಜತೆ ಯಾವ ಸಂಖ್ಯೆ ಇದೆ ನೋಡಿ. ಐಎಸ್ 710 ಇದ್ದರೆ ಮರೈನ್ ಪ್ಲೈ. ಐಎಸ್ 303 ಇದ್ದರೆ ಅದು ಸಾಮಾನ್ಯ ಬಳಕೆಯದು. ಅದರಲ್ಲೂ ಎಂಆರ್ (ಪಸೆಯನ್ನಷ್ಟೇ ತಡೆಯುವ ದರ್ಜೆ) ಎಂದಿದ್ದರೆ ಅಡುಗೆಕೋಣೆಗೇ ತರಬಾರದು. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಸಿಂಕಿನ ಕೆಳಗೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಆದರೆ ಒಳ್ಳೆಯ ಮರೈನ್ ಪ್ಲೈ ಕೂಡ ಕೆಡುವುದುಂಟು, ಕಾರಣ ಅಂಚು. ನೀರು ಹಲಗೆಯ ಮುಖದಿಂದ ಒಳಗೆ ಹೋಗುವುದು ಕಡಿಮೆ. ಕೊಯ್ದ ಅಂಚು, ಪೈಪಿಗೆ ಕೊರೆದ ತೂತು, ಸ್ಕ್ರೂ ಹೊಕ್ಕ ಜಾಗದಿಂದಲೇ ಹೀರಿಕೊಳ್ಳುತ್ತದೆ. ಕಣ್ಣಿಗೆ ಬೀಳುವ ಮುಂದಿನ ಅಂಚಿಗೆ ಪಟ್ಟಿ ಅಂಟಿಸಿ, ಹಿಂದಿನದನ್ನೂ ಅಡಿಯದನ್ನೂ ಹಾಗೇ ಬಿಡುವುದು ಎಲ್ಲೆಡೆ ಕಾಣುವ ತಪ್ಪು. ಇನ್ನೊಂದು, ಬಾಗಿಲಿನ ಹೊರಮುಖಕ್ಕೆ ಮಾತ್ರ ಲ್ಯಾಮಿನೇಟ್ ಹಚ್ಚುವುದು. ಒಳಮುಖ ಪಸೆ ಕುಡಿದು ಹಿಗ್ಗುತ್ತದೆ, ಹೊರಮುಖ ಹಿಗ್ಗಲಾರದು, ಬಾಗಿಲು ಬಿಲ್ಲಿನಂತೆ ಬಾಗುತ್ತದೆ.

ಮೊದಲು ಸೋರಿಕೆ ಹುಡುಕಿ. ಸಿಂಕಿನ ಬಾಯಿ ಮುಚ್ಚಿ ತುಂಬ ನೀರು ತುಂಬಿಸಿ, ಕೆಳಗಿನ ಪ್ರತಿ ಜೋಡಣೆಯನ್ನು ಒಣ ಕಾಗದದಿಂದ ಒರೆಸಿ ನೋಡಿ. ಆಮೇಲೆ ಒಮ್ಮೆಲೇ ನೀರು ಬಿಟ್ಟು ಪುನಃ ಒರೆಸಿ. ನಿಂತ ನೀರಿಗೆ ಸೋರದ ಜೋಡಣೆ ಹರಿಯುವ ನೀರಿಗೆ ಸೋರಬಹುದು. ಸಿಂಕಿಗೂ ಕಲ್ಲಿಗೂ ನಡುವಿನ ಸಿಲಿಕೋನ್ ಕಪ್ಪಾಗಿ ಬಿಟ್ಟುಕೊಂಡಿದ್ದರೆ ಪೂರ್ತಿ ಕಿತ್ತು, ಒಂದು ದಿನ ಒಣಗಿಸಿ ಹೊಸದು ಹಾಕಿಸಿ. ಹಳೆಯದರ ಮೇಲೆ ಬಳಿದರೆ ಹಿಡಿಯದು.

ಮತ್ತೆ ಮಾಡಿಸುವಾಗ ಸಿಂಕಿನ ಕೆಳಗೆ ಮಾತ್ರ ಪ್ಲೈ ಪೆಟ್ಟಿಗೆಯೇ ಬೇಡ. ಎರಡು ಬದಿಗೆ ಕಡಪ ಅಥವಾ ಗ್ರಾನೈಟ್ ಹಲಗೆ ನಿಲ್ಲಿಸಿ, ಬಾಗಿಲು ಮಾತ್ರ ಮರದ್ದು ಇಡಿ. ಬಾಗಿಲಿಗೆ ಗಾಳಿಯಾಡುವ ಸೀಳುಗಳಿರಲಿ. ಉಳಿದ ಕಡೆ ಐಎಸ್ 710ರ 18 ಮಿ.ಮೀ. ಪ್ಲೈ, ಎಲ್ಲ ಅಂಚಿಗೂ ಪಟ್ಟಿ, ತೂತುಗಳಿಗೆ ಸೀಲೆಂಟ್, ಎರಡೂ ಮುಖಕ್ಕೆ ಲ್ಯಾಮಿನೇಟ್, ನೆಲದಿಂದ 10 ಸೆಂ.ಮೀ. ಎತ್ತರಕ್ಕೆ ಪಿವಿಸಿ ಕಾಲು. ಕಾಲಿನ ಮುಂದಿನ ಪಟ್ಟಿ ಕಳಚಿ ತೆಗೆಯುವಂತಿದ್ದರೆ ಒರಲೆ ಹತ್ತಿದ್ದು ಬೇಗ ಗೊತ್ತಾಗುತ್ತದೆ. ಕೀಲು, ಚಾನೆಲ್‌ಗಳು 304 ದರ್ಜೆಯ ಸ್ಟೀಲಿನವಾಗಿರಲಿ. ಸಮುದ್ರಕ್ಕೆ ತೀರ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ 304ಕ್ಕೂ ಕಂದು ಕಲೆ ಬರುತ್ತದೆ, ಆಗಾಗ ಒದ್ದೆ ಬಟ್ಟೆಯಿಂದ ಒರೆಸಬೇಕು.

ಪ್ರಶ್ನೆ: ಅಮ್ಮನಿಗೆ ಗಂಟುನೋವು, ಹೆಚ್ಚು ಹೊತ್ತು ನಿಲ್ಲಲಾರರು. ಆದರೆ ಅಡುಗೆ ಬಿಟ್ಟುಕೊಡಲು ತಯಾರಿಲ್ಲ. ಕಟ್ಟೆಯ ಎತ್ತರ ಎಷ್ಟಿರಬೇಕು? ಅಮ್ಮನ ಎತ್ತರ 5 ಅಡಿ 1 ಇಂಚು. (ಸುರತ್ಕಲ್)

ಉತ್ತರ: ಈ ವಿಷಯದಲ್ಲಿ ಲಿಹೋಟ್ಸ್ಕಿಯವರನ್ನು ಕಣ್ಣುಮುಚ್ಚಿ ಅನುಸರಿಸಬಹುದು. ಅವರ ಅಡುಗೆಕೋಣೆಯಲ್ಲಿ ಕಿಟಕಿಯ ಕೆಳಗೆ ಕೂತು ಮಾಡುವ ಮೇಜಿತ್ತು, ಜತೆಗೆ ತಿರುಗುವ ಸ್ಟೂಲು. ಕಸ ಹಾಕಲು ಅಲ್ಲೇ ಒಂದು ತೆಗೆಯುವ ಡ್ರಾವರು, ಹಾಗಾಗಿ ಸಿಪ್ಪೆಗೆಂದು ಏಳಬೇಕಾಗಿರಲಿಲ್ಲ. ಮಾಡಿನ ಕೆಳಗೆ ಹಳಿಯ ಮೇಲೆ ಜಾರಿಸುವ ದೀಪವಿತ್ತು, ಬೆಳಕನ್ನು ಕೆಲಸದ ಕಡೆಗೇ ಎಳೆದುಕೊಳ್ಳಬಹುದಿತ್ತು. ಅಡುಗೆ ಎಂದರೆ ನಿಂತೇ ಮಾಡಬೇಕು ಎಂಬ ಹಟ ಅವರಿಗಿರಲಿಲ್ಲ. ನಮ್ಮ ಹಿಂದಿನವರೂ ಮೆಟ್ಟುಕತ್ತಿಯ ಮುಂದೆ, ಹೆರೆಮಣೆಯ ಮೇಲೆ ಕೂತೇ ಮಾಡಿದರು. ಎಲ್ಲವನ್ನೂ ಒಂದೇ ಎತ್ತರದ ಗ್ರಾನೈಟಿಗೆ ಏರಿಸಿದ್ದು ಆಮೇಲೆ.

ಅಮ್ಮನನ್ನು ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ನಿಲ್ಲಿಸಿ, ಮೊಣಕೈ ಮಡಚಿಸಿ, ನೆಲದಿಂದ ಮೊಣಕೈಗೆ ಅಳೆಯಿರಿ. ಅವರ ಎತ್ತರಕ್ಕೆ 97 ಸೆಂ.ಮೀ. ಆಸುಪಾಸು ಬರಬಹುದು. ಹೆಚ್ಚುವ ಕಟ್ಟೆ ಅದಕ್ಕಿಂತ 10–15 ಸೆಂ.ಮೀ. ಕೆಳಗೆ, ಅಂದರೆ 82ರಿಂದ 87 ಇರಲಿ. ಒಲೆಯ ಕಟ್ಟೆ ಇನ್ನೂ ಕೆಳಗೆ, 75ರ ಹತ್ತಿರ ಬರಬೇಕು. ಮೇಲಿಡುವ ಗ್ಯಾಸ್ ಒಲೆಯೇ 10 ಸೆಂ.ಮೀ. ಮೀರುತ್ತದೆ, ಅದರ ಮೇಲೆ ಗಂಜಿಯ ಪಾತ್ರೆ ಇಟ್ಟರೆ ಬಾಯಿ ಎದೆಮಟ್ಟಕ್ಕೆ ಬಂದು ಹೆಗಲು ಎತ್ತಿ ಸೌಟು ಆಡಿಸಬೇಕಾಗುತ್ತದೆ. ಕಟ್ಟೆಯೊಳಗೆ ಕೂರಿಸುವ ಹಾಬ್ ಆದರೆ ಈ ಇಳಿಕೆ ಅಷ್ಟು ಬೇಡ. ಸಿಂಕಿಗೆ ಮಾತ್ರ ತಿರುಗುಮುರುಗು: ಕೈ ಕೆಲಸ ಮಾಡುವುದು ಸಿಂಕಿನ ತಳದಲ್ಲಿ, ಅದು ಅಂಚಿಗಿಂತ 20 ಸೆಂ.ಮೀ. ಕೆಳಗೆ. ಹಾಗಾಗಿ ಸಿಂಕಿನ ಅಂಚು ಹೆಚ್ಚುವ ಕಟ್ಟೆಗಿಂತ ತಗ್ಗಬಾರದು, ಎರಡು ಮೂರು ಇಂಚು ಎತ್ತರವಾದರೆ ಬೆನ್ನಿಗೆ ಸುಖ.

ಕೂತು ಮಾಡಲು ಬೆಳಕಿರುವ ಕಡೆ 65–70 ಸೆಂ.ಮೀ. ಎತ್ತರದಲ್ಲಿ ಒಂದು ಹಲಗೆ, ಅಡಿಯಲ್ಲಿ ಮೊಣಕಾಲಿಗೆ 60 ಸೆಂ.ಮೀ. ಅಗಲ ಖಾಲಿ ಜಾಗ, 42–45 ಸೆಂ.ಮೀ. ಎತ್ತರದ ಸ್ಟೂಲು ಬೇಕು. ಸ್ಟೂಲಿಗೆ ಚಕ್ರ ಬೇಡ. ಏಳುವಾಗ ಜಾರಿದರೆ ಗಂಟುನೋವಿನವರಿಗೆ ದೊಡ್ಡ ಅಪಾಯ. ತಿರುಗಿಸುವ ಹಿಡಿಯ ಕಾಯಿತುರಿ ಇದೇ ಹಲಗೆಗೆ ಕಚ್ಚಿಸುವುದಾದರೆ ಅಂಚು 30 ಮಿ.ಮೀ. ದಪ್ಪದ ಗಟ್ಟಿ ಮರದ್ದಾಗಿರಲಿ. ಪ್ಲೈ ಅಂಚು ತಿರುಪಿನ ಬಿಗಿತಕ್ಕೆ ಜಜ್ಜಿಹೋಗುತ್ತದೆ. ಎಳೆದು ತೆಗೆಯುವ ಹಲಗೆಯಾದರೆ ಎಳೆದ ಮೇಲೆ ಕೆಳಗಿನಿಂದ ಒಂದು ಕಾಲು ನಿಲ್ಲುವಂತೆ ಆಚಾರಿಗೆ ಹೇಳಿ. ಇಲ್ಲದಿದ್ದರೆ ತುರಿಯುವಾಗ ಕುಲುಕುತ್ತದೆ.

2 ಲೀಟರಿನ ಗ್ರೈಂಡರ್ ಕಲ್ಲು ಸಮೇತ 10 ಕಿಲೊ ಮೀರುತ್ತದೆ. ಅದನ್ನು ಎತ್ತಿ ಕಟ್ಟೆಯ ಮೇಲಿಟ್ಟರೆ ಕಲ್ಲು ತೆಗೆಯಲು ಹೆಗಲಮಟ್ಟಕ್ಕೆ ಕೈ ಎತ್ತಬೇಕು. 45–50 ಸೆಂ.ಮೀ. ಎತ್ತರದ ಖಾಯಂ ಕಲ್ಲಿನ ಪೀಠ ಮಾಡಿಸಿ, ಅಲ್ಲಿಂದ ಕದಲಿಸಬೇಡಿ.

ಪ್ರಶ್ನೆ: ನಮ್ಮದು ದಿನಾ ಮೀನಿನ ಅಡುಗೆ. ಇಷ್ಟು ಚಿಕ್ಕ ಕೋಣೆಯಲ್ಲಿ ವಾಸನೆ ತಡೆಯುವುದು ಹೇಗೆ? ಸಿಂಕ್ ಆಗಾಗ ಕಟ್ಟುತ್ತದೆ. (ಮಲ್ಪೆ)

ಉತ್ತರ: ಬೂತಾಯಿ, ಬಂಗುಡೆ ಕೊಯ್ದು ತೊಳೆಯುವ ಜಾಗ ಅಡುಗೆಕೋಣೆಯೊಳಗೆ ಇಲ್ಲದಿರುವುದೇ ಒಳ್ಳೆಯದು. ಹಿಂಬದಿಯ ಚಾವಡಿ ಅಥವಾ ವರ್ಕ್ ಏರಿಯಾದಲ್ಲಿ ಅಗಲವಾದ ಪ್ರತ್ಯೇಕ ಸಿಂಕ್ ಕೊಡಿ, ಪಕ್ಕದಲ್ಲಿ ಸಿಂಕಿನ ಕಡೆಗೆ ಇಳಿಜಾರಾದ ಕಲ್ಲು ಇರಲಿ. ಸಿಂಕ್ ಕಟ್ಟಲು ಕಾರಣ ಬರೀ ಪೊಡಸು (ಮೀನಿನ ಮೈಮೇಲಿನ ಹುರುಪೆ) ಅಲ್ಲ. ಮೀನಿನ ಕೊಬ್ಬು, ತೆಂಗಿನೆಣ್ಣೆ ಪೈಪಿನೊಳಗೆ ಅಂಟಿನಂತೆ ಕೂತು ಪೊಡಸನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಸಣ್ಣ ಕಣ್ಣಿನ ಜಾಳಿಗೆ, ಬಿಚ್ಚಿ ತೊಳೆಯಲು ಬರುವ ಬಾಟಲ್ ಟ್ರ್ಯಾಪ್, 50 ಮಿ.ಮೀ. ಪೈಪು, 40ಕ್ಕೆ 1ರಂತೆ ಇಳಿಜಾರು, ಇವಿಷ್ಟು ಇದ್ದರೆ ತೊಂದರೆ ಬಹಳಷ್ಟು ತಪ್ಪುತ್ತದೆ. ಕಾವಲಿಯ ಎಣ್ಣೆಯನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ, ಸಿಂಕಿಗೆ ತೊಳೆಯಬೇಡಿ.

ಚಿಮಿಣಿ ಹಾಕಿಸಿಯೂ ಹೊಗೆ ನಿಲ್ಲುತ್ತಿದೆ ಎಂದಾದರೆ ಪೈಪು ನೋಡಿ. ಯಂತ್ರದ ಬಾಯಿ 6 ಇಂಚು ಇದ್ದು ಗೋಡೆಯ ತೂತು 4 ಇಂಚು ಎಂದು ಪೈಪನ್ನು ಕಿರಿದು ಮಾಡಿದ್ದರೆ ಎಷ್ಟು ಶಕ್ತಿಯ ಮೋಟಾರಿದ್ದರೂ ಗಾಳಿ ಹೋಗದು, ಸದ್ದು ಮಾತ್ರ ಹೆಚ್ಚುತ್ತದೆ. ತಿರುವು ಎರಡಕ್ಕಿಂತ ಹೆಚ್ಚಿರಬಾರದು. ಒಲೆಗೂ ಚಿಮಿಣಿಗೂ 65–75 ಸೆಂ.ಮೀ. ಅಂತರ ಸಾಕು. ಪೈಪಿನ ಹೊರಬಾಯಿ ಪಡುವಣಕ್ಕೋ ನೈಋತ್ಯಕ್ಕೋ ಮುಖ ಮಾಡಿದ್ದರೆ ಮಳೆಗಾಲದಲ್ಲಿ ಗಾಳಿ ನೀರು ಎರಡೂ ಒಳಗೆ ನುಗ್ಗುತ್ತವೆ. ಬೇರೆ ದಿಕ್ಕಿಗೆ ತಿರುಗಿಸಿ, ಪೈಪನ್ನು ಹೊರಕ್ಕೆ ತುಸು ಇಳಿಜಾರಾಗಿಸಿ.

ಪ್ರಶ್ನೆ: ಇಂಥ ಗೂಡಿನಂಥ ಅಡುಗೆಕೋಣೆ ಹೆಂಗಸರನ್ನು ಒಂಟಿ ಮಾಡುವುದಿಲ್ಲವೇ? ಪತ್ರೊಡೆಗೆ ಎಲೆ ಸುತ್ತುವುದು, ಹಬ್ಬಕ್ಕೆ ಕಡುಬು ಕಟ್ಟುವುದು ನಾಲ್ಕು ಜನ ಕೂಡಿ ಮಾಡುವ ಕೆಲಸವಲ್ಲವೇ? (ಕದ್ರಿ, ಮಂಗಳೂರು)

ಉತ್ತರ: ನೀವು ಕೇಳಿದ್ದನ್ನೇ 1970ರ ದಶಕದಿಂದ ಸ್ತ್ರೀವಾದಿಗಳೂ ಕೇಳಿದ್ದಾರೆ: ಒಬ್ಬರಿಗೆ ಸರಿಯಾಗಿ ಹೊಲಿದ ಕೋಣೆ, ಆ ಕೆಲಸವನ್ನು ಎಂದೆಂದಿಗೂ ಆ ಒಬ್ಬರ ತಲೆಗೇ ಕಟ್ಟುವುದಿಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಲಿಹೋಟ್ಸ್ಕಿ ಕಣ್ಣೆದುರು ಇದ್ದದ್ದು, ದಿನವಿಡೀ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿದು ಬಂದು ಸಂಜೆ ಮತ್ತೆ ಒಲೆಯ ಮುಂದೆ ನಿಲ್ಲುವ ಹೆಂಗಸು. ಆಕೆಗೆ ಒಂದು ಗಂಟೆಯಾದರೂ ಉಳಿಯಬೇಕು ಎಂಬುದು ಅವರ ಲೆಕ್ಕ. ತಾನು ಅದಕ್ಕೆ ಮುಂಚೆ ಅಡುಗೆ ಮಾಡಿದವಳೇ ಅಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಹೆಣ್ಣಿಗೆ ಅಡುಗೆ ತಾನಾಗಿ ಬರುತ್ತದೆಂದು ನಂಬಿದವರಾಗಿರಲಿಲ್ಲ. ಹಲವು ಮನೆಗೆ ಒಂದೇ ಅಡುಗೆಮನೆಯ ಪ್ರಯೋಗ ವಿಯೆನ್ನಾದ ಹೈಮ್‌ಹೋಫ್‌ನಲ್ಲಿ ನಡೆದಿತ್ತು. ಅದು ಹೆಚ್ಚಿನ ಕಾರ್ಮಿಕ ಕುಟುಂಬಗಳ ಕೈಗೆಟಕದು ಎಂಬುದು ಅವರ ನಿಲುವು.

ಮಕ್ಕಳು ಕಣ್ಣಿಗೆ ಬೀಳಲಿ ಎಂದೇ ಅವರು ಅಡುಗೆಕೋಣೆಗೂ ಊಟದ ಜಾಗಕ್ಕೂ ನಡುವೆ ಸರಿಸುವ ಬಾಗಿಲು ಇಟ್ಟರು. ಒಲೆಯಿಂದ ಊಟದ ಮೇಜಿಗೆ 3 ಮೀಟರ್ ಮೀರದಂತೆ ನೋಡಿಕೊಂಡರು. ನಿಮ್ಮ ಮನೆಗೆ ಈ ಬಾಗಿಲೇ ಉಪಾಯ. ಅಡುಗೆಕೋಣೆ ಚಿಕ್ಕದೇ ಇರಲಿ, ಊಟದ ಕೋಣೆಯ ಕಡೆಗೆ 4 ಅಡಿ ತೆರೆದಿರಲಿ. ಆಚೆ ಬದಿಗೆ ಕುರ್ಚಿ ಎಳೆದು ಕೂರುವ ಮೇಜಿದ್ದರೆ ಎಲೆ ಸುತ್ತುವವರು ಅಲ್ಲಿ, ಹಬೆಗೆ ಇಡುವವರು ಇಲ್ಲಿ. ಗಂಡಸರೂ ಸುತ್ತಲು ಕೂರಲಿ. ಹಳೆಯ ಫ್ಲ್ಯಾಟಿನಲ್ಲಿ ಗೋಡೆ ಒಡೆಯುವ ಮೊದಲು ಮಾತ್ರ ಅದು ಭಾರ ಹೊರುವ ಗೋಡೆಯೇ ಎಂದು ಎಂಜಿನಿಯರ್ ಹತ್ತಿರ ತೋರಿಸಿಕೊಳ್ಳಿ. ಮುರಕಲ್ಲಿನ ಗೋಡೆಯಾದರೆ ಮೇಲೆ ಲಿಂಟಲ್ ಹಾಕದೆ ಒಂದು ಕಲ್ಲನ್ನೂ ತೆಗೆಯಬಾರದು.

ಪ್ರಶ್ನೆ: ಲಿಹೋಟ್ಸ್ಕಿ ಶಿಶುವಿಹಾರಗಳನ್ನೂ ಕಟ್ಟಿದ್ದಾರೆಂದು ಓದಿದೆ. ನಮ್ಮ ಬಾಲವಾಡಿಗೆ ಹೊಸ ಕಟ್ಟಡ ಆಗಲಿದೆ. ಅವರಿಂದ ಏನು ತೆಗೆದುಕೊಳ್ಳಬಹುದು? (ಬ್ರಹ್ಮಾವರ)

ಉತ್ತರ: ವಿಯೆನ್ನಾದಲ್ಲಿ ಯುದ್ಧಾನಂತರ ಅವರ ಎರಡು ಶಿಶುವಿಹಾರಗಳು ಎದ್ದವು: ಕಪೌನ್‌ಪ್ಲಾಟ್ಸ್‌ನಲ್ಲಿ 1950–52ರಲ್ಲಿ, ರಿನ್‌ಬ್ಯೋಕ್‌ಸ್ಟ್ರಾಸೆಯಲ್ಲಿ 1961–63ರಲ್ಲಿ. ಒಂದು ದೊಡ್ಡ ಹಾಲಿನಲ್ಲಿ ಎಲ್ಲ ಮಕ್ಕಳನ್ನೂ ಗುಡ್ಡೆ ಹಾಕದೆ, ಪ್ರತಿ ಗುಂಪಿಗೂ ಅದರದೇ ಕೋಣೆ ಮತ್ತು ನೇರ ಹೊರಗಿಳಿಯಲು ತೋಟ ಕೊಡುವುದು ಅವರ ಕ್ರಮ.

ನಿಮ್ಮಲ್ಲಿ ಎರಡು ಕೋಣೆಯಷ್ಟೇ ಆದರೂ ಇದನ್ನು ಮಾಡಬಹುದು. ಪ್ರತಿ ಕೋಣೆಗೂ ಜಗಲಿಗೆ ಬಾಗಿಲು, ಮಳೆಗಾಲದಲ್ಲೂ ಆಡುವಂತೆ ಜಗಲಿಗೆ ಕನಿಷ್ಠ 8 ಅಡಿ ಅಗಲ, ಇರಚಲು ತಡೆಯಲು ಮಾಡಿನ ಸೂರು ಜಗಲಿಯ ಅಂಚಿನಿಂದ 3 ಅಡಿಯಾದರೂ ಮುಂದೆ ಬರಲಿ. ಮೂರರಿಂದ ಆರು ವರ್ಷದವರಿಗೆ ಕೈತೊಳೆಯುವ ತೊಟ್ಟಿಯ ಅಂಚು 45–55 ಸೆಂ.ಮೀ. ಎತ್ತರ, ನಳ್ಳಿ ಮಗುವಿನ ಕೈಗೆ ಎಟಕುವಷ್ಟು ಮುಂದೆ ಇರಬೇಕು. ಕಿಟಕಿಯ ಕೆಳ ಅಂಚು ಎರಡಡಿಗಿಂತ ಎತ್ತರ ಬೇಡ, ಕೂತ ಮಗುವಿಗೂ ಹೊರಗೆ ಕಾಣಬೇಕು. ಸರಳುಗಳ ನಡುವೆ 10 ಸೆಂ.ಮೀ.ಗಿಂತ ಕಡಿಮೆ ಜಾಗವಿದ್ದರೆ ತಲೆ ಸಿಕ್ಕಿಕೊಳ್ಳುವ ಭಯವಿಲ್ಲ. ಒದ್ದೆ ಕೊಡೆ, ರೈನ್‌ಕೋಟು ತೂಗುಹಾಕಲು ಜಗಲಿಯ ಗೋಡೆಗೆ ಮಗುವಿನ ಹೆಗಲಮಟ್ಟದಲ್ಲಿ ಕೊಕ್ಕೆಗಳ ಸಾಲು, ಕೆಳಗೆ ನೀರು ಹರಿದುಹೋಗುವ ಸಣ್ಣ ಚರಂಡಿ ಇರಲಿ. ಗುತ್ತಿಗೆದಾರರ ನಕ್ಷೆಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಪಂಚಾಂಗ ಹಾಕುವ ಮೊದಲೇ ಬರವಣಿಗೆಯಲ್ಲಿ ಸೇರಿಸಿಕೊಳ್ಳಿ, ತೊಟ್ಟಿಯ ನೀರಿನ ಪೈಪು ಮತ್ತು ಚರಂಡಿಯ ಜಾಗ ಆಗಲೇ ಗೊತ್ತಾಗಬೇಕು.